ಬಿಡಕಿನ್‌ಗೆ ಕಾರ್ಖಾನೆ ಬಂತು, ಪದರದ ವಿದ್ಯೆ ಎಲ್ಲಿ?

‘ಬಿಡದಿ ಗೊತ್ತು, ಇದ್ಯಾವುದು ಬಿಡಕಿನ್?’ ಊರಿನಿಂದ ಫೋನ್ ಮಾಡಿದವರೆಲ್ಲ ಕೇಳುವ ಪ್ರಶ್ನೆ ಇದು. ಛತ್ರಪತಿ ಸಂಭಾಜಿನಗರದಿಂದ ಪೈಠಣಕ್ಕೆ ಹೋಗುವ ದಾರಿಯಲ್ಲಿ ಸಿಗುವ ಊರು. ಇಲ್ಲಿನ ‘ಔರಿಕ್’ ಕೈಗಾರಿಕಾ ಪ್ರದೇಶದಲ್ಲಿ ಹೊಸ ಸ್ಕೂಟರ್ ಘಟಕ ಕಟ್ಟುವುದಾಗಿ ಬೆಂಗಳೂರಿನ ಏಥರ್ ಎನರ್ಜಿ 2024ರಲ್ಲಿ ಘೋಷಿಸಿತು. ಅದೇ ಜುಲೈನಲ್ಲಿ ಬಿಡದಿಯ ಟೊಯೋಟ ಕಿರ್ಲೋಸ್ಕರ್ ಮಹಾರಾಷ್ಟ್ರ ಸರ್ಕಾರದ ಜತೆ ಸುಮಾರು 20,000 ಕೋಟಿ ರೂಪಾಯಿ ಹೂಡಿಕೆಯ ಒಪ್ಪಂದ ಮಾಡಿಕೊಂಡಿತು. ಅಲ್ಲಿ ‘ಕೈತಪ್ಪಿತು’ ಎಂಬ ಬೇಸರ, ಇಲ್ಲಿ ‘ಗೆದ್ದೆವು’ ಎಂಬ ಸಂಭ್ರಮ. ವಾಹನದ ಬಿಡಿಭಾಗಗಳನ್ನು ಪರೀಕ್ಷಿಸುವ ನನ್ನ ಮೇಜಿನಿಂದ ನೋಡಿದರೆ, ಇಬ್ಬರೂ ಅಸಲಿ ಪ್ರಶ್ನೆಯನ್ನು ಕೇಳುತ್ತಿಲ್ಲ.

2025ರ ಏಪ್ರಿಲ್‌ನಲ್ಲಿ ಚೀನಾ ಏಳು ಅಪರೂಪದ ಧಾತುಗಳು ಮತ್ತು ಅವುಗಳಿಂದಾದ ಅಯಸ್ಕಾಂತಗಳ ರಫ್ತಿಗೆ ನಿಯಂತ್ರಣ ಹೇರಿತು. ನಮ್ಮ ವಿದ್ಯುತ್ ವಾಹನ ಕಂಪನಿಗಳು ಕಂಗಾಲಾದವು. ನವೆಂಬರ್‌ನಲ್ಲಿ ಕೇಂದ್ರ ಸಂಪುಟ, ವರ್ಷಕ್ಕೆ 6,000 ಟನ್ ಅಯಸ್ಕಾಂತ ತಯಾರಿಸುವ ಸಾಮರ್ಥ್ಯ ಬೆಳೆಸಲು 7,280 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಒಳ್ಳೆಯದೇ. ಆದರೆ ವಾಹನದಲ್ಲಿ ಕಾಂತತ್ವದ ಇನ್ನೊಂದು ಕೆಲಸವೂ ಇದೆ, ಅದರ ಸುದ್ದಿ ಯಾರೂ ಎತ್ತುತ್ತಿಲ್ಲ.

ಮೋಟಾರು ಸರಿಯಾಗಿ ಓಡಬೇಕಾದರೆ ಅದರ ದಂಡ ಯಾವ ಕೋನದಲ್ಲಿದೆ ಎಂಬುದು ಕ್ಷಣಕ್ಷಣಕ್ಕೂ ತಿಳಿಯಬೇಕು. ಅದನ್ನು ಹೇಳುವ ಸೆನ್ಸರ್‌ಗಳಲ್ಲಿ ಒಂದು ಬಗೆ ಲೋಹದ ತೆಳು ಪದರಗಳಿಂದಾದದ್ದು. ಚಿರೋಟಿಯನ್ನು ನೆನೆಸಿಕೊಳ್ಳಿ; ಆದರೆ ಪ್ರತಿ ಪದರವೂ ಒಂದೆರಡು ನ್ಯಾನೊಮೀಟರ್ ದಪ್ಪ, ಅಂದರೆ ಕೆಲವೇ ಅಣುಗಳಷ್ಟು. ಕಬ್ಬಿಣದ ಎರಡು ಪದರಗಳ ನಡುವೆ ಕ್ರೋಮಿಯಂ. ಎರಡೂ ಪದರಗಳ ಕಾಂತತ್ವ ಒಂದೇ ದಿಕ್ಕಿಗಿದ್ದರೆ ವಿದ್ಯುತ್ ಸಲೀಸಾಗಿ ಹರಿಯುತ್ತದೆ, ಎದುರುಬದುರಾದರೆ ಅಡ್ಡಿ ಹೆಚ್ಚುತ್ತದೆ. 1988ರಲ್ಲಿ ಇದನ್ನು ಕಂಡ ಆಲ್ಬರ್ಟ್ ಫರ್ಟ್ ಮತ್ತು ಪೀಟರ್ ಗ್ರುನ್‌ಬರ್ಗ್ 2007ರ ನೊಬೆಲ್ ಪಡೆದರು. ಕ್ರೋಮಿಯಂನ ದಪ್ಪ ಒಂದು ನ್ಯಾನೊಮೀಟರ್‌ನಷ್ಟು ಹೆಚ್ಚುಕಮ್ಮಿಯಾದರೂ ಎದುರುಬದುರಾಗಿರಬೇಕಾದ ಪದರಗಳು ಒಂದೇ ದಿಕ್ಕಿಗೆ ತಿರುಗಿಬಿಡುತ್ತವೆ. ಪದರದ ರಚನೆ ಕೆಟ್ಟರೆ ಗುಣವೂ ಕೆಟ್ಟಂತೆ.

ಮುಂದಿನ ಹೆಜ್ಜೆಯಲ್ಲಿ ನಮ್ಮವರೊಬ್ಬರ ಹೆಸರಿದೆ. ಬೆಂಗಳೂರಿನಲ್ಲಿ ಹುಟ್ಟಿ, ಮೈಸೂರು ವಿಶ್ವವಿದ್ಯಾಲಯದಲ್ಲಿ ಓದಿ, ಅಮೆರಿಕದ ಎಂಐಟಿ ಸೇರಿದ ಜಗದೀಶ ಮೂಡೇರ. ನಡುವೆ ವಿದ್ಯುತ್ ಹರಿಯದ ಅಲ್ಯೂಮಿನಿಯಂ ಆಕ್ಸೈಡ್ ಪದರವಿಟ್ಟರೂ ಇಂಥದೇ ಪರಿಣಾಮ ಸಾಮಾನ್ಯ ಉಷ್ಣತೆಯಲ್ಲಿ ದೊಡ್ಡದಾಗಿ ಸಿಗುತ್ತದೆಂದು 1995ರಲ್ಲಿ ಅವರ ತಂಡ ತೋರಿಸಿತು. ಜಪಾನಿನ ಮಿಯಾಜಾಕಿ ಅವರೂ ಅದೇ ಹೊತ್ತಿಗೆ ಅದನ್ನು ಸಾಧಿಸಿದರು. ಆ ವಿದ್ಯೆಯನ್ನು ಸೆನ್ಸರ್ ಮಾಡಿ ಮಾರುತ್ತಿರುವುದು ಮುಖ್ಯವಾಗಿ ಜಪಾನ್, ಜರ್ಮನಿ, ಅಮೆರಿಕದ ಕಂಪನಿಗಳು.

ಕಳೆದ ವರ್ಷ ಒಂದು ಪೆಟ್ಟಿಗೆ ಸೆನ್ಸರ್ ತಡವಾಗಿ, ನಮ್ಮಲ್ಲಿ ಸಿದ್ಧವಾಗಿದ್ದ ಮೋಟಾರುಗಳು ಹನ್ನೊಂದು ದಿನ ಕಪಾಟಿನಲ್ಲೇ ಕುಳಿತವು. ತೊಗರಿಕಾಳಿನಷ್ಟು ಭಾಗ, ಗುತ್ತಿಗೆ ಹುಡುಗರಿಗೆ ಅಷ್ಟು ದಿನದ ಕೂಲಿ ಇಲ್ಲ. ಅವರಲ್ಲಿ ಇಬ್ಬರು ಬೀದರಿನವರು.

ಅಯಸ್ಕಾಂತಕ್ಕೆ ಅದಿರು ಬೇಕು, ಗಣಿ ಬೇಕು. ಪದರದ ಸೆನ್ಸರಿಗೆ ಬೇಕಾದ ಲೋಹ ಅತ್ಯಲ್ಪ. ನಿರ್ವಾತದಲ್ಲಿ ಪದರ ಕೂರಿಸುವ ಯಂತ್ರ, ಧೂಳಿಲ್ಲದ ಕೋಣೆ, ಪಳಗಿದ ಕೈ ಇದ್ದರೆ ಆಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನ್ಯಾನೊ ಕೇಂದ್ರದಲ್ಲಿ ಇವೆಲ್ಲ ಇವೆ. ಹಾಗಾದರೆ ಏಕೆ ಆಗುತ್ತಿಲ್ಲ? ಒಂದು ಬಿಲ್ಲೆಯಲ್ಲಿ ಸಾವಿರಾರು ಸೆನ್ಸರ್ ಹುಟ್ಟುತ್ತವೆ. ಒಂದು ಕಂಪನಿಯ, ಒಂದು ರಾಜ್ಯದ ಬೇಡಿಕೆ ನಂಬಿ ಯಾರೂ ಅಷ್ಟು ದುಬಾರಿ ಘಟಕಕ್ಕೆ ಹಣ ಹಾಕುವುದಿಲ್ಲ. ಹೊಸ ತಯಾರಕರ ಭಾಗವನ್ನು ವಾಹನಕ್ಕೆ ಒಪ್ಪಿಸುವ ಪರೀಕ್ಷೆಗಳಿಗೂ ವರ್ಷಗಳು ಬೇಕು.

ಆದ್ದರಿಂದ ಬಿಡದಿ, ಹೊಸೂರು, ಪುಣೆ, ಬಿಡಕಿನ್‌ಗಳ ಖರೀದಿದಾರರು ಒಟ್ಟಾಗಿ ‘ಇಷ್ಟು ವರ್ಷ, ಇಷ್ಟು ಸೆನ್ಸರ್ ಕೊಳ್ಳುತ್ತೇವೆ’ ಎಂದು ಬರೆದುಕೊಡಬೇಕು. ಪರೀಕ್ಷೆಯ ಖರ್ಚನ್ನು ಎರಡೂ ರಾಜ್ಯಗಳು ಹಂಚಿಕೊಳ್ಳಲಿ. ಜಮೀನಿಗೆ ರಿಯಾಯಿತಿ ಕೊಡುವ ಪೈಪೋಟಿಗಿಂತ ಇದು ಅಗ್ಗ.

ಹೊರರಾಜ್ಯದಲ್ಲಿ ದುಡಿಯುವ ನಮಗೆ ಕಾರ್ಖಾನೆ ಯಾವ ಊರಿನದು ಎಂಬುದಕ್ಕಿಂತ, ಅದು ನಾಳೆಯೂ ಓಡುತ್ತದೆಯೇ ಎಂಬುದು ಮುಖ್ಯ. ಮುಂದಿನ ಸಲ ಊರಿನವರು ಕೇಳಿದರೆ ಹೇಳಬೇಕೆಂದಿದ್ದೇನೆ: ಬಿಡಕಿನ್ ನಿಮ್ಮದನ್ನು ಕಿತ್ತುಕೊಂಡಿಲ್ಲ, ಕಿತ್ತುಕೊಳ್ಳುವಂಥದ್ದು ಇನ್ನೂ ಇಬ್ಬರ ಬಳಿಯೂ ಇಲ್ಲ.