ಬೆನ್ನ ಹಿಂದಿನ ಭರಣಿ

"ಇಂಥದ್ದನ್ನೆಲ್ಲ ಹೆಣ್ಣುಮಕ್ಕಳಿಗೆ ತೋರಿಸಬೇಕೇ ಟೀಚರ್?" ಎಂದು ತಾಯಿಯೊಬ್ಬರು ಶಾಲೆಗೇ ಬಂದು ಕೇಳಿದರು. ಪ್ಯಾರಿಸಿನ ಲೂವ್ರ್ ವಸ್ತುಸಂಗ್ರಹಾಲಯದ ಒಂದು ಅಮೃತಶಿಲೆಯ ಶಿಲ್ಪವನ್ನು ನಾನು ಹತ್ತನೆಯ ತರಗತಿಗೆ ತೋರಿಸಿದ್ದೆ. ಇಟಲಿಯ ಆಂಟೋನಿಯೊ ಕನೋವಾ 1793ರಲ್ಲಿ ಮುಗಿಸಿದ ಕೃತಿ. ಮೂರ್ಛೆ ಹೋದ ಸೈಕಿಯನ್ನು ಪ್ರೇಮದೇವತೆ ಕ್ಯೂಪಿಡ್ ಎಬ್ಬಿಸುವ ದೃಶ್ಯ. ಮೈಮೇಲೆ ಬಟ್ಟೆ ಕಡಿಮೆ, ನಿಜ.

ಬೇಲೂರಿನ ಶಿಲಾಬಾಲಿಕೆಯರ ಮುಂದೆ ಮಕ್ಕಳನ್ನು ನಿಲ್ಲಿಸಿ ಫೋಟೋ ತೆಗೆಯುವ ನಮಗೆ ಈ ಮುಜುಗರ ಎಲ್ಲಿಂದ ಬಂತೋ! ಅದಿರಲಿ, ನನ್ನ ತಕರಾರೇ ಬೇರೆ. ಆಕೆ ಮಗಳ ಮೊಬೈಲಿನಲ್ಲಿ ನೋಡಿದ್ದು ಮುಂಭಾಗದ ಒಂದು ಫೋಟೋ ಮಾತ್ರ. ನಾನು ತೋರಿಸಿದ್ದು ಡಿಜಿಟಲ್ ಸ್ಕ್ಯಾನ್. ಶಿಲ್ಪವನ್ನು ಸುತ್ತಲಿಂದಲೂ ಸೆರೆಹಿಡಿದು ಕಂಪ್ಯೂಟರ್ ಕಟ್ಟಿಕೊಡುವ ಆ ಆಕೃತಿಯನ್ನು ಬೇಕಾದತ್ತ ತಿರುಗಿಸಬಹುದು. ಮೂಲ ಶಿಲ್ಪವೂ ತಿರುಗಿಸಿ ನೋಡಲೆಂದೇ ಮಾಡಿದ್ದು. ಅದಕ್ಕಾಗಿ ಸೈಕಿಯ ಪಾದದ ಬಳಿ ಹಿಡಿಯೊಂದಿದೆ.

ತಿರುಗಿಸಿದರೆ, ಹಿಂದೆ ಒಂದು ಭರಣಿ! ಕಥೆಯೆಲ್ಲ ಅದರಲ್ಲೇ ಇದೆ. ಎರಡನೆಯ ಶತಮಾನದ ಅಪುಲಿಯಸ್ ಬರೆದ ಕಥೆಯಲ್ಲಿ ಸೈಕಿ ಗಂಡನ ಮುಖ ನೋಡುವಂತಿಲ್ಲ. ದೀಪ ಹಿಡಿದು ನೋಡಿದಳು, ಅವನು ಹಾರಿಹೋದ. ಅತ್ತೆ ವೀನಸ್ ಗೋಧಿ, ಜವೆ, ಕಡಲೆ, ಗಸಗಸೆ ಎಲ್ಲ ಬೆರೆಸಿ ರಾಶಿ ಹಾಕಿ, ಸಂಜೆಯೊಳಗೆ ಆರಿಸಿಡು ಎಂದಳು. ಕೊನೆಗೆ ಪಾತಾಳದಿಂದ ಸೌಂದರ್ಯ ತುಂಬಿ ತರಲು ಅಟ್ಟಿದಳು. ಬರುವ ದಾರಿಯಲ್ಲಿ ಸೈಕಿ ಮುಚ್ಚಳ ತೆಗೆದಳು; ಸಾವಿನಂಥ ನಿದ್ದೆ ಕವಿಯಿತು.

ಎದುರಿನಿಂದಷ್ಟೇ ನೋಡಿದರೆ ಕಾಣುವುದು ಗಂಡಸು ಎಬ್ಬಿಸಿದ ಸುಂದರಿ. ಸುತ್ತಿ ನೋಡಿದರೆ ಪಾತಾಳಕ್ಕೆ ಹೋಗಿ ಜೀವಂತ ಮರಳಿದ ಹೆಣ್ಣು. ತರಗತಿಯಲ್ಲಿ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು: "ನೋಡಿದ್ದೇ ಅವಳ ತಪ್ಪಾ ಟೀಚರ್?" ಪರೀಕ್ಷೆಗೆ ಬಾರದ ಈ ಪ್ರಶ್ನೆಗಾಗಿಯೇ ನಾನು ಆ ಶಿಲ್ಪ ತೋರಿಸಿದ್ದು.

ಸ್ಕ್ಯಾನಿನಲ್ಲಿ ಅಮೃತಶಿಲೆಯ ತಂಪಿಲ್ಲ, ಅದರ ಮೇಲೆ ಜಾರುವ ಬೆಳಕಿಲ್ಲ, ಒಪ್ಪುತ್ತೇನೆ. ಆದರೆ ಪ್ಯಾರಿಸಿನ ಹೆಸರಷ್ಟೇ ಕೇಳಿದ ನಮ್ಮೂರ ಹುಡುಗಿಯ ಕೈಗೂ ಅದು ಆ ಹಿಡಿಯನ್ನು ಕೊಟ್ಟಿದೆ. ಅದನ್ನು ಕಿತ್ತುಕೊಂಡು, ಮುಂದಿನ ಮುತ್ತನ್ನಷ್ಟೇ ಕದ್ದು ನೋಡುವಂತೆ ಮಾಡುವವರು ಯಾರು? ಮುಚ್ಚಿಡುವ ನಾವೇ ಅಲ್ಲವೇ?

ಆ ತಾಯಿಯನ್ನು ಕೂರಿಸಿ ತಿರುಗಿಸಿ ತೋರಿಸಿದೆ, ಕಥೆಯನ್ನೂ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಕಾಳು ಆರಿಸೋ ಕೆಲಸ ಅಲ್ಲೂ ಸೊಸೆಗೇನಾ?" ಎಂದರು.

ಹೌದು, ಅಲ್ಲೂ. ನೋಡಿದ್ದಕ್ಕಾಗಿ ಸೈಕಿ ಪಟ್ಟ ಶಿಕ್ಷೆ ಸಾಕು. ಅವಳನ್ನು ನೋಡಿದ್ದಕ್ಕಾಗಿ ನಮ್ಮ ಹುಡುಗಿಯರಿಗೂ ಶಿಕ್ಷೆ ಬೇಡ.