ಮೊದಲು ಅಳೆದು ತೋರಿಸಿ

ಹೆಂಗಸರ ಕಾರು ಕೆಟ್ಟು ನಿಂತರೆ ಅದಕ್ಕೆ ಎರಡು ರೋಗ. ಒಂದು ಕಾರಿಗೆ ಬಂದದ್ದು, ಇನ್ನೊಂದು ಗ್ಯಾರೇಜಿನವರು ಹೇಳಿದ್ದು. ಮೊದಲನೆಯದು ಎಷ್ಟೋ ಸಲ ಕೆಲವು ನೂರು ರೂಪಾಯಿಗಳಲ್ಲಿ ವಾಸಿಯಾಗುತ್ತದೆ. ಎರಡನೆಯದಕ್ಕೆ ಕೊರಳ ಸರ ಒತ್ತೆಯಿಡಬೇಕಾಗುತ್ತದೆ.

ನಮ್ಮ ಕುಂಬಾರವಾಡ ಜೋಯಿಡಾ ತಾಲೂಕಿನ ಕಾಡಿನ ನಡುವಿನ ಊರು. ಮಳೆಗಾಲದಲ್ಲಿ ಇಲ್ಲಿ ಹಪ್ಪಳ, ಬಟ್ಟೆ, ಪುಸ್ತಕ ಯಾವುದೂ ಗರಿಯಾಗಿ ಉಳಿಯುವುದಿಲ್ಲ. ಕಾರಿನ ವೈರುಗಳು ಮಾತ್ರ ಹೇಗೆ ಉಳಿದಾವು? ಬ್ಯಾಟರಿಯ ತುದಿಗೆ ಕಿಲುಬು ಕಟ್ಟುತ್ತದೆ. ಬೆಚ್ಚಗಿನ ಜಾಗ ಹುಡುಕಿಕೊಂಡು ಬಾನೆಟ್ಟಿನೊಳಗೆ ಸೇರಿದ ಇಲಿ ವೈರು ಕಡಿಯುತ್ತದೆ. ಕಳೆದ ಆಷಾಢದಲ್ಲಿ ನನ್ನ ಕಾರು, ಚಾವಿ ತಿರುಗಿಸಿದರೆ 'ಟಕ್ ಟಕ್' ಎನ್ನುವುದನ್ನು ಬಿಟ್ಟು ಬೇರೆ ಮಾತಾಡದಾಯಿತು. ಪೇಟೆಯ ದೊಡ್ಡ ವರ್ಕ್‌ಶಾಪಿಗೆ ಎಳೆಸಿಕೊಂಡು ಹೋದೆ. ಕಂಪ್ಯೂಟರ್ ಸಿಕ್ಕಿಸಿದ ಹುಡುಗ ಎರಡೇ ನಿಮಿಷದಲ್ಲಿ, "ಮೇಡಂ, ಕಳ್ಳತನ ತಡೆಯೋ ಸಿಸ್ಟಮ್ ಹೋಗಿದೆ. ಇಸಿಎಂ, ಲಾಕು, ಚಾವಿ ಎಲ್ಲ ಹೊಸದು ಹಾಕಬೇಕು" ಎಂದ.

"ಏನನ್ನು ಅಳೆದು ನೋಡಿದೆಯಪ್ಪಾ?" ಎಂದೆ.

"ಸಾಹೇಬರ ನಂಬರ್ ಕೊಡಿ ಮೇಡಂ, ಅವರಿಗೇ ಹೇಳ್ತೇನೆ!"

ನಾನು ಹೊಸದು ಹಾಕಿಸಲಿಲ್ಲ. ನಮ್ಮ ಕಡೆಯ ಎಲೆಕ್ಟ್ರಿಷಿಯನ್ ಒಬ್ಬರು ಮೀಟರ್ ಹಿಡಿದು ಅರ್ಧ ಗಂಟೆ ಕೂತರು. "ಅಕ್ಕೋರೇ, ಬ್ಯಾಟರಿ ಚಲೋ ಇದೆ. ಅರ್ಥ್ ವೈರ್ ತಿಂದುಹೋಗಿದೆ, ನೋಡಿ" ಎಂದರು. ವೈರು ಬದಲಾಯಿತು, ಕಾರು ಚಾಲೂ ಆಯಿತು.

ಇದರಲ್ಲಿ ಮಾಟಮಂತ್ರವೇನಿಲ್ಲ. ಚೆನ್ನಾಗಿರುವ ಬ್ಯಾಟರಿ ಸುಮ್ಮನಿರುವಾಗ ಸುಮಾರು 12.6 ವೋಲ್ಟ್ ತೋರಿಸಬೇಕು, ಸೆಲ್ಫ್ ಹೊಡೆಯುವಾಗ 10ಕ್ಕಿಂತ ತೀರ ಕೆಳಗಿಳಿಯಬಾರದು. ಆಗಲೇ ಬ್ಯಾಟರಿಯ ಮೈನಸ್ ತುದಿಗೂ ಇಂಜಿನ್ನಿನ ಮೈಗೂ ಮೀಟರ್ ಹಿಡಿದರೆ ಅರ್ಧ ವೋಲ್ಟಿಗಿಂತ ಹೆಚ್ಚು ಕಾಣಬಾರದು. ಕಂಡರೆ ಅರ್ಥ್ ದಾರಿಯಲ್ಲೇ ದೋಷ. ಇನ್ನು ಚಾವಿಯ ವಿಚಾರ. ಅದರ ತಲೆಯೊಳಗಿನ ಚಿಪ್‌ನ ಗುರುತನ್ನು ಲಾಕಿನ ಸುತ್ತಲಿನ ತಂತಿಯ ಸುರುಳಿ ಓದುತ್ತದೆ. ಗುರುತು ಹೊಂದದಿದ್ದರೆ ಎಷ್ಟೋ ಕಾರುಗಳಲ್ಲಿ ಸೆಲ್ಫ್ ತಿರುಗುತ್ತದೆ, ಆದರೆ ಇಂಜಿನ್ ಹಿಡಿಯುವುದಿಲ್ಲ. ಹಿಡಿದರೂ ಒಂದೆರಡು ಸೆಕೆಂಡಿಗೆ ಆರುತ್ತದೆ, ಮುಂದಿನ ಫಲಕದಲ್ಲಿ ದೀಪ ಮಿಟುಕುತ್ತದೆ. ಆಗ ಎರಡನೆಯ ಚಾವಿ ಹಾಕಿ ನೋಡಿ. ಅದಕ್ಕೆ ಚಾಲೂ ಆದರೆ ಕೆಟ್ಟದ್ದು ಚಾವಿ, ಕಾರಲ್ಲ. ತಿರುಗಿಸುವ ಚಾವಿಗಳಲ್ಲಿ ಈ ಚಿಪ್‌ಗೆ ಸಾಮಾನ್ಯವಾಗಿ ಸೆಲ್ಲೂ ಬೇಕಿಲ್ಲ. ಸೆಲ್ಲು ಬಾಗಿಲಿನ ರಿಮೋಟಿಗೆ. ವೋಲ್ಟ್ ಕುಸಿದಾಗ ಕಂಪ್ಯೂಟರ್ ಕೂಡ ತಬ್ಬಿಬ್ಬಾಗಿ ಸರಿಯಿರುವ ಚಾವಿಯ ಮೇಲೇ ಚಾಡಿ ಹೇಳಬಲ್ಲದು. ಅದು ಕೊಡುವ ಸಂಕೇತ ಒಂದು ದೂರು ಅಷ್ಟೇ, ತೀರ್ಪಲ್ಲ. ದೂರು ಬಂದ ಕೂಡಲೇ ಯಾರನ್ನಾದರೂ ಗಲ್ಲಿಗೇರಿಸುತ್ತಾರೆಯೇ?

ಇದನ್ನೆಲ್ಲ ಬಯಲು ಮಾಡಿದರೆ ಕಳ್ಳರಿಗೆ ಅನುಕೂಲ ಎಂದು ಕಂಪನಿಗಳ ಪರವಾಗಿ ವಾದಿಸುವವರಿದ್ದಾರೆ. ಹೊಸ ಚಾವಿಗೆ ಗುರುತು ಕೂರಿಸುವ ಗುಟ್ಟು ನಿಮ್ಮಲ್ಲೇ ಇರಲಿ, ಬೇಡವೆನ್ನುವುದಿಲ್ಲ. ಆದರೆ ಯಾವ ಫ್ಯೂಸ್ ಎಲ್ಲಿದೆ, ಯಾವ ವೈರಿನಲ್ಲಿ ಎಷ್ಟು ವೋಲ್ಟ್ ಬರಬೇಕು ಎಂಬ ನಕ್ಷೆಯಿಂದ ಯಾವ ಕಳ್ಳನ ಹೊಟ್ಟೆ ತುಂಬುತ್ತದೆ? ಆ ನಕ್ಷೆ ಹಳ್ಳಿಯ ಮೆಕ್ಯಾನಿಕ್ಕಿಗೆ ಸಿಗದಿದ್ದರೆ ತುಂಬುವ ಹೊಟ್ಟೆ ಬೇರೆಯೇ. ಕೇಂದ್ರ ಸರ್ಕಾರ 2022ರಲ್ಲಿ 'ದುರಸ್ತಿಯ ಹಕ್ಕಿ'ಗಾಗಿ ಸಮಿತಿ ಮಾಡಿತು, ಅದೇ ವರ್ಷ ಪೋರ್ಟಲ್ ತೆರೆಯಿತು, ವಾಹನಗಳನ್ನೂ ಅದರೊಳಗೆ ಸೇರಿಸಿತು. ಒಳ್ಳೆಯದೇ. ಆದರೆ ಹಕ್ಕು ಪೋರ್ಟಲ್ಲಿನಲ್ಲಿದ್ದರೆ ಸಾಲದು, ಮಿಸ್ತ್ರಿಯ ಕೈಗೂ ಬರಬೇಕು.

ಹೆಂಗಸರಿಗೆ ಇದೆಲ್ಲ ತಿಳಿಯದು ಎನ್ನುವವರಿಗೆ ಒಂದು ಮಾತು. 1888ರಲ್ಲಿ ಜರ್ಮನಿಯ ಬರ್ಥಾ ಬೆಂಜ್ ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು, ಗಂಡನಿಗೆ ಹೇಳದೆ, ಮ್ಯಾನ್‌ಹೈಮಿನಿಂದ ಫೋರ್ಟ್ಸ್‌ಹೈಮಿಗೆ ಕಾರಿನಲ್ಲಿ ಹೋದಳು. ದಾರಿಯಲ್ಲಿ ವೈರು ಕೈಕೊಟ್ಟಾಗ ಕಾಲುಚೀಲದ ಪಟ್ಟಿ ಸುತ್ತಿ ಸರಿಮಾಡಿಕೊಂಡಳು ಎಂಬುದು ಲೋಕಪ್ರಸಿದ್ಧ ಕಥೆ. ಆಕೆಯನ್ನು 'ಸಾಹೇಬರ ನಂಬರ್ ಕೊಡಿ' ಎಂದು ಕೇಳುವವರು ದಾರಿಯಲ್ಲಿರಲಿಲ್ಲ, ಪುಣ್ಯ!

ನಾವು ಮೆಕ್ಯಾನಿಕ್ ಆಗಬೇಕಿಲ್ಲ. ಅಂದಾಜುಪಟ್ಟಿಗೆ ಸಹಿ ಹಾಕುವ ಮುನ್ನ ಮೂರು ಮಾತು ಕೇಳಿದರೆ ಸಾಕು: ಏನನ್ನು ಅಳೆದಿರಿ? ಎಷ್ಟು ಬಂತು, ಎಷ್ಟು ಬರಬೇಕಿತ್ತು? ಅದನ್ನು ಬರೆದುಕೊಟ್ಟು, ತೆಗೆದ ಹಳೆಯ ಸಾಮಾನನ್ನು ನನ್ನ ಕೈಗೆ ಕೊಡುತ್ತೀರಾ? ಒಂದು ಕಿಲೋ ಅಕ್ಕಿ ಕೊಳ್ಳುವಾಗಲೂ ತಕ್ಕಡಿಯ ಮೇಲೆ ಕಣ್ಣಿಡುವವರು ನಾವು. ಮೀಟರಿನ ಅಂಕಿ ನೋಡುವುದಕ್ಕೆ ಯಾರ ಅಪ್ಪಣೆ ಬೇಕು?