ಹಾರುವ ಮೊದಲು ನೀರನ್ನು ಅರಿಯಬೇಕು

ರಾಯಚೂರು ಎರಡು ನದಿಗಳ ನಡುವಣ ನಾಡು. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ. ಯಾಪಲದಿನ್ನಿಯಂಥ ಊರುಗಳ ಜನರಿಗೆ ಹೊಳೆಯ ಕೊಡುಗೆಯೂ ಗೊತ್ತು, ಮುನಿಸೂ ಗೊತ್ತು. 2020ರ ಆಗಸ್ಟ್‌ನಲ್ಲಿ, ತೆಲಂಗಾಣದ ಪಂಚದೇವಪಹಾಡದಿಂದ ರಾಯಚೂರು ತಾಲ್ಲೂಕಿನ ನಡುಗಡ್ಡೆ ಕುರ್ವಕಲಾಕ್ಕೆ ಮರಳುತ್ತಿದ್ದ ತೆಪ್ಪ ಕೃಷ್ಣೆಯಲ್ಲಿ ಮಗುಚಿತು. ಅದರಲ್ಲಿದ್ದವರು 13 ಮಂದಿ. ಒಂಬತ್ತು ಮಂದಿ ಬದುಕಿದರು. ನಾಲ್ವರನ್ನು ಹೊಳೆ ಸೆಳೆದೊಯ್ದಿತು.

ನಾಲ್ಕು ವರ್ಷಗಳ ಬಳಿಕ, 2024ರ ನವೆಂಬರ್ 9ರಂದು, ಅದೇ ಕೃಷ್ಣೆಯ ಕೆಳಹರಿವಿನಲ್ಲಿ ವಿಜಯವಾಡದಿಂದ ಶ್ರೀಶೈಲಕ್ಕೆ ಜಲವಿಮಾನದ ಪ್ರಾಯೋಗಿಕ ಹಾರಾಟ ನಡೆಯಿತು. ಕ್ಯಾಮೆರಾಗಳೆಲ್ಲ ಅತ್ತ ತಿರುಗಿದವು.

ಜಲವಿಮಾನ ಕನ್ನಡನಾಡಿಗೂ ಹೊಸತಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ದುರಸ್ತಿಗಾಗಿ ಬಂದ ಕ್ಯಾಟಲಿನಾ ವಿಮಾನಗಳು ಬೆಂಗಳೂರಿನ ಬೆಳ್ಳಂದೂರು ಕೆರೆಯಲ್ಲಿ ಇಳಿಯುತ್ತಿದ್ದವು. ಅದರ ಅಪಾಯ ಆಕಾಶದಲ್ಲಿ ಮಾತ್ರ ಇರುವುದಿಲ್ಲ. ನೀರಿನ ಮೇಲೆ ನಿಧಾನವಾಗಿ ಚಲಿಸುವಾಗಲೂ ಅದು ವಿಮಾನವೂ ಹೌದು, ದೋಣಿಯೂ ಹೌದು. ಗಾಲಿಯ ಬ್ರೇಕು ಅಲ್ಲಿ ಕೆಲಸಕ್ಕೆ ಬಾರದು. ಗಾಳಿ ಬೀಸಿಬರುವ ದಿಕ್ಕಿಗೆ ಮೂತಿ ತಿರುಗಿಸುವುದು ಅದರ ಸ್ವಭಾವ. ನೀರಿನಡಿಯ ಬಂಡೆ, ಮೋಟುಮರ ಚಾಲಕನಿಗೆ ಕಾಣುವುದಿಲ್ಲ. 1939ರ ಮಾರ್ಚ್‌ನಲ್ಲಿ ಇಂಪೀರಿಯಲ್ ಏರ್‌ವೇಸ್‌ನ 'ಕ್ಯಾಪೆಲ್ಲಾ' ಬಟಾವಿಯಾ, ಅಂದರೆ ಇಂದಿನ ಜಕಾರ್ತ, ಬಂದರಿನಲ್ಲಿ ಹೀಗೆ ಸಾಗುತ್ತಿದ್ದಾಗಲೇ ನೀರಿನಡಿ ಮುಳುಗಿದ್ದ ವಸ್ತುವಿಗೆ ತಾಗಿ, ದುರಸ್ತಿಗೆ ಬಾರದಷ್ಟು ಹಾಳಾಯಿತು.

ಈ ಪಾಠ ಅಣೆಕಟ್ಟೆಗಳ ನಾಡಿಗೆ ಹೆಚ್ಚು ಅನ್ವಯಿಸುತ್ತದೆ. ಲಿಂಗನಮಕ್ಕಿಯಂಥ ಜಲಾಶಯಗಳು ಕಾಡು, ಗುಡ್ಡ, ಊರುಗಳನ್ನು ಮುಳುಗಿಸಿ ನಿಂತವು. ಮಳೆಗಾಲದಲ್ಲಿ ಕನ್ನಡಿಯಂತಿರುವ ನೀರು ಬೇಸಿಗೆಯಲ್ಲಿ ಇಳಿದಾಗ ಅಡಿಯ ಬೊಡ್ಡೆ, ದಿಬ್ಬಗಳು ತಲೆಯೆತ್ತುತ್ತವೆ. ಎಲ್ಲಿ ಏನಿದೆಯೆಂಬುದು ಬಲೆ ಬೀಸುವ ಮೀನುಗಾರನಿಗೆ ಗೊತ್ತು; ಯೋಜನೆಯ ನಕ್ಷೆಗೆ ಗೊತ್ತಿರುವುದಿಲ್ಲ. ಆದರೂ ಮೊದಲು ದಡದಿಂದ ಸರಿಯಬೇಕಾದವನು ಅವನೇ.

ಕೇರಳದ ಅನುಭವವೂ ಕಣ್ಣಮುಂದಿದೆ. 2013ರಲ್ಲಿ ಅಲ್ಲಿನ ಜಲವಿಮಾನ ಯೋಜನೆ ಮೀನುಗಾರರ ಪ್ರತಿಭಟನೆಯಿಂದ ನಿಂತಿತು. 2024ರಲ್ಲಿ ಮೂನ್ನಾರ್ ಬಳಿಯ ಮಾಟ್ಟುಪೆಟ್ಟಿ ಜಲಾಶಯದಲ್ಲಿ ವಿಮಾನ ಇಳಿದಾಗ, ಆನೆಗಳ ಸಂಚಾರವನ್ನು ಮುಂದಿಟ್ಟು ಅರಣ್ಯ ಇಲಾಖೆಯೇ ಆಕ್ಷೇಪಿಸಿತು.

ಜಲವಿಮಾನವೇ ಬೇಡವೆಂಬುದು ಇಲ್ಲಿಯ ವಾದವಲ್ಲ. ಆದರೆ ಕ್ರಮವೊಂದಿರಬೇಕು. ನೀರಿನಡಿಯ ಸಮೀಕ್ಷೆ, ಋತುಮಾನದ ಮಟ್ಟದ ಲೆಕ್ಕ, ಮೀನುಗಾರರ ಒಪ್ಪಿಗೆ, ವನ್ಯಜೀವಿಗಳ ಹಾದಿಯ ಅಧ್ಯಯನ ಇವು ಮೊದಲು, ಉದ್ಘಾಟನೆ ಆಮೇಲೆ. ಅದಕ್ಕೂ ಮೊದಲು ದಿನನಿತ್ಯ ಹೊಳೆ ದಾಟುವವರಿಗೆ ಗಟ್ಟಿ ಸೇತುವೆ, ಅದಾಗುವವರೆಗೆ ಸುಭದ್ರ ದೋಣಿ, ಪ್ರತಿಯೊಬ್ಬರಿಗೂ ಜೀವರಕ್ಷಕ ಕವಚ. ಪ್ರವಾಸಿಯ ವಿಮಾನಕ್ಕೆ ಕೊಡುವ ಕಾವಲನ್ನು ಕಿರಾಣಿ ಚೀಲ ಹೊತ್ತು ತೆಪ್ಪವೇರುವ ತಾಯಿಗೆ ಕೊಡದ ಅಭಿವೃದ್ಧಿ, ಎಷ್ಟು ಎತ್ತರಕ್ಕೆ ಹಾರಿದರೂ, ದಡ ಮುಟ್ಟಿದಂತಲ್ಲ.